ರಾಗಿ ಕಣದಲ್ಲಿ ಸವೆದ ಕೀಲು

ಬೈರಾಪಟ್ಟಣದ ನಮ್ಮ ಸೋದರತ್ತೆ ಕಾರು ಓಡಿಸಲು ಕಲಿತದ್ದು ಐವತ್ತು ದಾಟಿದ ಮೇಲೆ. ಆ ಊರಿನಲ್ಲಿ ಅವರಿಗಿಂತ ಮೊದಲು ಯಾವ ಹೆಂಗಸೂ ಕಾರು ಓಡಿಸಿರಲಿಲ್ಲ ಎಂದು ಊರಿನವರು ಹೇಳುತ್ತಿದ್ದರು. ನಾನು ವಿಚಾರಿಸಿದ ಮಟ್ಟಿಗೆ ಅದು ನಿಜ.

ಕಾರು ಹೊಸದೇನಲ್ಲ. ಬಿಡದಿ ಕಡೆ ಒಂದರ ಹಿಂದೊಂದು ಕಾರ್ಖಾನೆ ಎದ್ದು, ಹೆದ್ದಾರಿ ಅಗಲವಾಗುತ್ತಿದ್ದ ವರ್ಷಗಳವು. ಅಂಥ ಕಾರ್ಖಾನೆಯೊಂದರಲ್ಲಿದ್ದವರು ವರ್ಗವಾಗಿ ಹೋಗುವಾಗ ತಮ್ಮ ಹಳೆಯ ಬಿಳಿ ಕಾರನ್ನು ಮಾರಿದ್ದರು. ರೇಷ್ಮೆಗೂಡನ್ನು ರಾಮನಗರದ ಮಾರುಕಟ್ಟೆಗೆ ಸಾಗಿಸಲು ಅನುಕೂಲವೆಂದು ಮಾವ ಅದನ್ನು ಕೊಂಡರು. ಮೊದಲ ದಿನವೇ ತಾವೇ ಓಡಿಸಲು ಹೋಗಿ ತಿಪ್ಪೆಗುಂಡಿಗೆ ಇಳಿಸಿದರು. ಎತ್ತು ಕಟ್ಟಿ ಮೇಲಕ್ಕೆಳೆಸಿದ ಮೇಲೆ ಅವರು ಸ್ಟಿಯರಿಂಗ್ ಮುಟ್ಟಲಿಲ್ಲ. ಅತ್ತೆ, "ನಾನೊಂದು ಕೈ ನೋಡ್ತೀನಿ" ಎಂದರು. ಮಾವ ನಕ್ಕರು. ಅತ್ತೆ ನಗಲಿಲ್ಲ. ಒಂದು ಸುಗ್ಗಿ ಮುಗಿಯುವಷ್ಟರಲ್ಲಿ ಲೈಸೆನ್ಸು ಅವರ ಕೈಯಲ್ಲಿತ್ತು.

ನಾನಾಗ ರಾಮನಗರದಲ್ಲಿ ಪತ್ರಿಕೆಯೊಂದರ ವರದಿಗಾರನಾಗಿದ್ದೆ. ಗುರುವಾರ ನನಗೆ ವಾರದ ರಜೆ. ಆ ಗುರುವಾರ ಬೆಳಗ್ಗೆ ಅತ್ತೆಯ ಮನೆ ತಲುಪಿದಾಗ ಕಾರಿನ ಮುಂದಿನ ಎಡಚಕ್ರ ಬಿಚ್ಚಿ ಬೇವಿನ ಮರಕ್ಕೆ ಒರಗಿಸಿತ್ತು. ಕಾರು ಜಾಕಿನ ಮೇಲೆ ನಿಂತಿತ್ತು. ಅದರ ಅಡಿಯಿಂದ ಎರಡು ಕಾಲು ಮಾತ್ರ ಹೊರಗೆ ಕಾಣುತ್ತಿದ್ದವು. ಪಕ್ಕದಲ್ಲಿ ಅತ್ತೆ ಸೆರಗು ಸಿಕ್ಕಿಸಿಕೊಂಡು ಕುಕ್ಕರಗಾಲಲ್ಲಿ ಕೂತಿದ್ದರು.

"ಬಾ ಮಗ. ಸರಿಯಾದ ಟೇಮಿಗೆ ಬಂದೆ. ನೋಡು, ಇವತ್ತೇ ಇದಕ್ಕೆ ಕಾಯ್ಲೆ ಬರ್ಬೇಕಾ?"

ಇವತ್ತೇ ಎಂಬುದಕ್ಕೆ ಅರ್ಥವಿತ್ತು. ಅತ್ತೆಯ ಒಬ್ಬಳೇ ಮಗಳನ್ನು ಕನಕಪುರದಾಚೆ ಕೋಡಿಹಳ್ಳಿಗೆ ಕೊಟ್ಟಿದ್ದರು. ಅವಳು ಚೊಚ್ಚಲ ಬಸುರಿ. ಹೆರಿಗೆಗೆ ತವರಿಗೆ ಕರೆತರುವುದು ಬೆಸ ತಿಂಗಳಲ್ಲೇ ಆಗಬೇಕು. ಏಳನೆಯದು ಮುಗಿಯುತ್ತ ಬಂದಿತ್ತು, ಉಳಿದ ದಿನಗಳಲ್ಲಿ ಒಳ್ಳೆಯದೆಂದು ಗೊತ್ತಾಗಿದ್ದು ಈ ಗುರುವಾರ ಮಾತ್ರ. ಅದೂ ಮಧ್ಯಾಹ್ನ ಒಂದೂವರೆಗೆ ರಾಹುಕಾಲ ಹಿಡಿಯುವ ಮೊದಲೇ ಮನೆ ಬಿಡಬೇಕು. ಅತ್ತೆ ಬೀಗಿತ್ತಿಗೆ ಫೋನಿನಲ್ಲಿ, "ಬೇಸ್ತವಾರ ನಾನೇ ಕಾರು ತತ್ತೀನಿ, ನಾನೇ ಕರ್ಕೊಂಡು ಬತ್ತೀನಿ" ಎಂದು ಹೇಳಿಬಿಟ್ಟಿದ್ದರು. ಮಗಳಿಗೆ ಕೊಟ್ಟ ಮಾತದು. ಬಸುರಿಯಾದ ಸುದ್ದಿ ತಿಳಿಸಿದ ದಿನವೇ ಮಗಳು, "ಅವ್ವ, ನನ್ನ ಕರೆಯಾಕೆ ನೀನೇ ಓಡಿಸ್ಕೊಂಡು ಬಾ" ಎಂದು ಕೇಳಿದ್ದಳಂತೆ.

ಮಾವ ಬೇರೆ ಏರ್ಪಾಟು ಮಾಡಿಕೊಂಡಿದ್ದರು. ಪಕ್ಕದ ಬೀದಿಯ ಬಾಡಿಗೆ ವ್ಯಾನಿನವನಿಗೆ ಹನ್ನೆರಡಕ್ಕೆ ಬರಲು ಹೇಳಿದ್ದರು. ಜಗಲಿಯ ಮೇಲೆ ಕೂತು ನನ್ನನ್ನು ನೋಡಿ, "ಏನ್ಲಾ, ಪೇಪರಿನಲ್ಲಿ ಬರ್ಕೊ. ಕಾರು ಮಲಗೈತೆ, ಡ್ರೈವರಮ್ಮ ಪಕ್ಕದಲ್ಲಿ ಕೂತು ಅಳ್ತಾ ಅವ್ರೆ ಅಂತ" ಎಂದರು.

"ಯಾರ್ ಅಳ್ತಾ ಅವ್ರೆ? ಕಣ್ಣಿಗೆ ಧೂಳು ಬಿದ್ದೈತೆ" ಎಂದರು ಅತ್ತೆ.

ವಿಷಯವಿಷ್ಟು. ಮೂರು ದಿನದಿಂದ ಕಾರು ಬಲಕ್ಕೆ ತಿರುಗಿದಾಗಲೆಲ್ಲ ಎಡ ಚಕ್ರದ ಬಳಿ ಕಟಕಟ ಎನ್ನುತ್ತಿತ್ತು. ನೇರ ಹೋದರೆ ಸದ್ದಿಲ್ಲ. ತಿರುವು ಬಿಗಿಯಾದಷ್ಟೂ ಸದ್ದು ಜೋರು. ಕಾರಿನಡಿಯಿಂದ ಹೊರಬಂದ ಮೆಕ್ಯಾನಿಕ್ ಇದನ್ನೇ ನನಗೆ ಮತ್ತೊಮ್ಮೆ ವಿವರಿಸಿದ. ಆತ ಚನ್ನಪಟ್ಟಣದವನು, ಮೂವತ್ತರ ಪ್ರಾಯ, ಮಾತುಗಾರ. ಅವರ ಮನೆಯಲ್ಲಿ ತಲೆಮಾರಿನಿಂದ ಬಣ್ಣದ ಗೊಂಬೆ ಕಡೆಯುವ ಕೆಲಸ. ಅಣ್ಣಂದಿರು ಕಾರ್ಖಾನೆಯ ಬಸ್ಸು ಹತ್ತಿದ್ದರು, ಇವನು ಗ್ಯಾರೇಜು ಹಾಕಿದ್ದ.

"ಸಿ.ವಿ. ಜಾಯಿಂಟು ಸರ್. ಇಂಜಿನ್ ತಿರುಗ್ಸೋದನ್ನ ಚಕ್ರಕ್ಕೆ ಮುಟ್ಟಿಸೋದು ಇದೇ. ಚಕ್ರ ಆ ಕಡೆ ಈ ಕಡೆ ಹೊರಳಿದ್ರೂ ತಿರುಗೋದು ನಿಲ್ಲಬಾರ್ದಲ್ಲ? ನಮ್ ಮೊಣಕೈ ಇದ್ದಂಗೆ. ಮೊಣಕೈಗೆ ಮಣ್ಣು ಹೋದ್ರೆ ಏನಾಗುತ್ತೆ?"

"ನೋವಾಗ್ತದೆ" ಎಂದರು ಅತ್ತೆ.

"ಬಸ್, ಅದೇ. ಕಾರಿಗೆ ನೋವಾಗಿದೆ."

ಆ್ಯಕ್ಸಲನ್ನು ಹೊರಗೆಳೆದು, ಗೇರ್ ಆಯಿಲ್ ಸುರಿಯದಿರಲೆಂದು ತೂತಿಗೆ ಬಟ್ಟೆ ತುರುಕಿ, ಅದನ್ನು ತಂದು ಗೋಣಿಚೀಲದ ಮೇಲೆ ಮಲಗಿಸಿದ. ತೋಳುದ್ದದ ಕಬ್ಬಿಣದ ದಂಡ. ಒಂದು ತುದಿಯಲ್ಲಿ ಬಟ್ಟಲಿನಂಥ ಭಾಗ, ಅದನ್ನು ಮುಚ್ಚಿ ದಂಡಕ್ಕೆ ಹಿಡಿದುಕೊಳ್ಳುವ ನೆರಿಗೆನೆರಿಗೆಯ ರಬ್ಬರ್ ಚೀಲ. ಅದಕ್ಕೆ ಬೂಟ್ ಎನ್ನುತ್ತಾರೆ. ಈ ಬೂಟಿನ ಸುತ್ತ ಯಾರೋ ಸೈಕಲ್ ಟ್ಯೂಬಿನ ಪಟ್ಟಿ ಬಿಗಿದು ಕಟ್ಟಿದ್ದರು. ಮೆಕ್ಯಾನಿಕ್ ಅದನ್ನು ಕತ್ತರಿಸಿದ. ಅಡಿಯಲ್ಲಿ ರಬ್ಬರು ಹರಿದಿತ್ತು, ಹರಿದ ಜಾಗದಲ್ಲಿ ಒಣಹುಲ್ಲು ದಂಡಕ್ಕೆ ಹಗ್ಗದಂತೆ ಸುತ್ತಿಕೊಂಡಿತ್ತು. ಬೂಟನ್ನು ಸೀಳಿ ತೆಗೆದಾಗ ಒಳಗಿನಿಂದ ಕಂದು ಬಣ್ಣದ ಮುದ್ದೆಯಂಥದ್ದು ಹೊರಬಂತು. ಆತ ಒಂದು ಚೂರು ಬೆರಳಿಗೆ ತೆಗೆದುಕೊಂಡು ಹೊಸಕಿ ನೋಡಿದ.

"ಅಮ್ಮ, ಇದ್ರಲ್ಲಿ ರಾಗಿ ಇದೆ."

ಅತ್ತೆ ಬಗ್ಗಿ ನೋಡಿದರು. ರಾಗಿಯೇ. ಕಾಳು, ಹೊಟ್ಟು ಎರಡೂ.

"ಅಲ್ಲಮ್ಮ, ಕಾರಲ್ಲಿ ಮುದ್ದೆ ತೊಳಸೋಕೆ ಇಟ್ಟಿದ್ರಾ?"

ಅತ್ತೆ ನನ್ನ ಮುಖ ನೋಡಿದರು, ಆಮೇಲೆ ಮಾವನ ಮುಖ ನೋಡಿದರು. "ಕಣದಲ್ಲಿ ಒಸಿ ಓಡಿಸಿದ್ದೆ" ಎಂದರು.

ಒಸಿ ಅಲ್ಲ ಎಂಬುದು ಸ್ವಲ್ಪ ಸ್ವಲ್ಪವಾಗಿ ಹೊರಬಂತು. ನಮ್ಮ ಕಡೆ ಹೊತ್ತಿಗೆ ಸರಿಯಾಗಿ ಆಳು ಸಿಗದವರು ರಾಗಿ ತೆನೆಯನ್ನು ಡಾಂಬರು ರಸ್ತೆಯ ಮೇಲೆ ಹರವುತ್ತಾರೆ, ಓಡಾಡುವ ಬಸ್ಸು ಲಾರಿಗಳೇ ಕಾಳು ಬಿಡಿಸಿಕೊಡುತ್ತವೆ. ಅತ್ತೆ ಇದನ್ನೇ ಒಂದು ಹೆಜ್ಜೆ ಮುಂದಕ್ಕೆ ಯೋಚಿಸಿದ್ದರು. ಕಾರು ಕಲಿಯಲು ಖಾಲಿ ಜಾಗ ಬೇಕು, ಕಣ ಇದೆ. ಕಣದಲ್ಲಿ ರಾಗಿ ಹರವಿದೆ. ಗುಂಡುಕಲ್ಲು ಎಳೆಯುವ ಎತ್ತಿನ ಬದಲು ಕಾರು ಸುತ್ತಿದರೆ ಕಲಿತ ಹಾಗೂ ಆಯಿತು, ಒಕ್ಕಣೆಯೂ ಆಯಿತು. ಸುಗ್ಗಿ ಪೂರ್ತಿ ಅವರು ಸ್ಟಿಯರಿಂಗನ್ನು ಕೊನೆಯವರೆಗೆ ತಿರುಗಿಸಿಟ್ಟು ಆ ಸಣ್ಣ ಕಣದಲ್ಲಿ ಸುತ್ತಿದ್ದರು. ತಮ್ಮ ರಾಗಿ ಮುಗಿದ ಮೇಲೆ ಪಕ್ಕದ ಮನೆಯವರದನ್ನೂ ತುಳಿಸಿಕೊಟ್ಟಿದ್ದರು.

"ಯಾವ ಕಡೆಗೆ ಸುತ್ತುತಿದ್ರಿ?" ಎಂದು ಮೆಕ್ಯಾನಿಕ್ ಕೇಳಿದ.

"ಇದೇನು ಕೇಳ್ತೀಯಪ್ಪ? ಬಲಕ್ಕೆ."

"ಒಂದು ಸಲಾನೂ ಎಡಕ್ಕೆ ಇಲ್ವಾ?"

"ಕಣದಲ್ಲಿ ಎಡಕ್ಕೆ ಸುತ್ತುತಾರಾ? ಎತ್ತೇ ಸುತ್ತಲ್ಲ. ಅಪ್ರದಕ್ಷಿಣೆ ಆಗಲ್ವಾ?"

ಆತ ಸ್ಪ್ಯಾನರ್ ಕೆಳಗಿಟ್ಟು ಹೊಟ್ಟೆ ಹಿಡಿದುಕೊಂಡು ನಕ್ಕ. ಬಲಕ್ಕೆ ತಿರುಗುವಾಗ ಭಾರ ಬೀಳುವುದು ಎಡಗಡೆಯ ಕೀಲಿನ ಮೇಲೆ. ಎಡದ್ದು ಹೀಗೆ ಸೊರಗಿ, ಬಲದ್ದು ಹೊಸದರಂತೆ ಯಾಕಿದೆ ಎಂದು ಬೆಳಗ್ಗೆಯಿಂದ ತಲೆ ಕೆಡಿಸಿಕೊಂಡಿದ್ದನಂತೆ. ಹುಲ್ಲು ಸುತ್ತಿಕೊಂಡು ರಬ್ಬರು ಕೊಯ್ದಿತ್ತು, ಕೊಯ್ದ ಬಾಯಿಯಿಂದ ರಾಗಿ ಒಳಗೆ ಹೋಗಿತ್ತು. ಇಷ್ಟು ವರ್ಷದಲ್ಲಿ ಕಲ್ಲು ಹೋದದ್ದು, ಕೆಸರು ಹೋದದ್ದು ನೋಡಿದ್ದೇನೆ, ಪ್ರದಕ್ಷಿಣೆ ಹಾಕಿ ಸವೆದ ಕಾರು ಇದೇ ಮೊದಲು ಎಂದ.

ನಗು ನಿಂತ ಮೇಲೆ ಆತ ಬೆರಳನ್ನು ಮೂಗಿನ ಬಳಿ ತಂದ. "ಆದ್ರೆ ಇದು ಗ್ರೀಸಲ್ಲ. ಹರಳೆಣ್ಣೆ ವಾಸ್ನೆ."

ಅತ್ತೆಯೂ ಮೂಸಿದರು. "ಹರಳೆಣ್ಣೆ, ಬೂದಿ. ಇದು ಕೀಲೆಣ್ಣೆ ಕಣಪ್ಪ. ಗಾಡಿ ಅಚ್ಚಿಗೆ ಹಾಕೋದು." ಅವರು ನಿಧಾನವಾಗಿ ಜಗಲಿಯ ಕಡೆ ತಿರುಗಿದರು. ಆ ಮನೆಯಲ್ಲಿ ಎತ್ತಿನಗಾಡಿಗೆ ಕೀಲೆಣ್ಣೆ ಕಲಸುತ್ತಿದ್ದವರು ಒಬ್ಬರೇ. ಅವರು ಆಗ ಬೇವಿನ ಮರದ ತುದಿಯನ್ನು ಬಹಳ ಗಮನವಿಟ್ಟು ನೋಡುತ್ತಿದ್ದರು.

"ಇದನ್ನ ನೀವು ಬುಟ್ಟಿದ್ದಾ?"

"ಸಬ್ದ ಮಾಡ್ತಿತ್ತು."

"ಯಾವಾಗ?"

"ನೀನು ಹುಳಕ್ಕೆ ಸೊಪ್ಪು ತರೋಕೆ ಹೋಗಿದ್ದಾಗ. ರಬ್ಬರು ಹರಿದಿತ್ತು. ಒಸಿ ಕೀಲೆಣ್ಣೆ ಬುಟ್ಟು ಟ್ಯೂಬು ಕಟ್ಟಿದೆ."

"ನಾನು ಓಡಿಸೋದೇ ಬ್ಯಾಡ ಅನ್ನೋರು, ಕಾರಿನಡಿಗೆ ತೂರ್ಕೊಂಡು ಕೀಲೆಣ್ಣೆ ಬುಡ್ತೀರಾ?"

ಮಾವ ಟವೆಲ್ಲು ಕೊಡವಿ ಹೆಗಲಿಗೆ ಹಾಕಿಕೊಂಡರು. "ಬ್ಯಾಡ ಅಂದ್ರೆ ನೀನು ಕೇಳ್ತೀಯಾ? ಓಡಿಸೋದಂತೂ ಓಡಿಸ್ತೀಯ. ಕೀಲು ಒಣಗಿರೋ ಗಾಡೀಲಿ ಓಡಾಡೋದು ಬ್ಯಾಡ ಅಂತ."

ಅತ್ತೆಯ ಮುಖ ಕಿವಿಯ ಓಲೆಯವರೆಗೂ ಕೆಂಪಾಯಿತು. ಮೆಕ್ಯಾನಿಕ್, "ಗೌಡ್ರೇ, ಪ್ರೀತಿ ಸರಿ, ಬೂದಿ ಮಾತ್ರ ಬೇಡವಾಗಿತ್ತು. ಕಬ್ಬಿಣ ತಿನ್ನುತ್ತೆ" ಎಂದು ಕೆಲಸಕ್ಕೆ ಮರಳಿದ.

ಅವನ ಚೀಲದಲ್ಲಿ ಅರಗಿನ ಕೆಂಪು ಬಣ್ಣ ಕೊಟ್ಟ ಒಂದು ಮರದ ಗೂಟವಿತ್ತು. ಗೊಂಬೆಯ ಮರದಲ್ಲೇ ಅವನ ತಂದೆ ಕಡೆದುಕೊಟ್ಟದ್ದು. ಅದನ್ನು ಬಟ್ಟಲಿನ ಅಂಚಿಗೆ ಕೊಟ್ಟು ಸುತ್ತಿಗೆಯಿಂದ ಒಂದು ಏಟು ಹಾಕಿದ. ಕಬ್ಬಿಣಕ್ಕೆ ಗಾಯವಾಗದೆ ಕೀಲು ದಂಡದಿಂದ ಕಳಚಿಕೊಂಡಿತು. ಬಟ್ಟಲಿನ ಒಳಗೆ ಉಕ್ಕಿನ ಆರು ಗುಂಡುಗಳು, ಅವನ್ನು ಸಾಲಾಗಿ ಹಿಡಿಯುವ ಕಿಟಕಿಗಳುಳ್ಳ ಬಳೆ, ನಡುವೆ ನಕ್ಷತ್ರದಂಥ ತುಂಡು. ಬಳೆಯನ್ನು ಒಂದು ಪಕ್ಕಕ್ಕೆ ವಾಲಿಸಿ ಗುಂಡುಗಳನ್ನು ಒಂದೊಂದಾಗಿ ಎಬ್ಬಿಸಿದ. ಒಂದೊಂದು ಗುಂಡೂ ತನ್ನ ಕಾಲುವೆಯಲ್ಲೇ ಸವೆದಿರುತ್ತದೆ, ಮತ್ತೆ ಅಲ್ಲಿಗೇ ಹೋಗಬೇಕು, ಕಲೆಸಬಾರದು ಎಂದ.

ಅತ್ತೆ ಹುಳುಮನೆಗೆ ಹೋಗಿ ಹಳೆಯ ಚಂದ್ರಂಕಿಯೊಂದನ್ನು ತಂದರು. ಹಣ್ಣಾದ ರೇಷ್ಮೆಹುಳು ಗೂಡು ಕಟ್ಟಲೆಂದು ಬಿಡುವ ಬಿದಿರಿನ ತಟ್ಟಿ ಅದು, ಮೇಲೆಲ್ಲ ಸುರುಳಿ ಸುತ್ತಿದ ಬಿದಿರು ಪಟ್ಟಿ. ಸೀಮೆಎಣ್ಣೆಯಲ್ಲಿ ತೊಳೆದ ಗುಂಡುಗಳನ್ನು ಸುರುಳಿಯ ಸಂದಿನಲ್ಲಿ ಹೊರಗಿನಿಂದ ಒಳಕ್ಕೆ ಕ್ರಮವಾಗಿ ಇಟ್ಟರು. ಒಂದೂ ಉರುಳಲಿಲ್ಲ. ಬಳೆ, ನಕ್ಷತ್ರವನ್ನು ತೆಗೆದ ಹಾಗೆಯೇ ಪಕ್ಕದಲ್ಲಿ ಮಲಗಿಸಿದರು.

ಮೆಕ್ಯಾನಿಕ್ ಗುಂಡುಗಳನ್ನು ಒಂದೊಂದಾಗಿ ಬಿಸಿಲಿಗೆ ಹಿಡಿದು ತಿರುಗಿಸಿ ನೋಡುತ್ತಿದ್ದ. ಗುಳಿ ಬಿದ್ದಿದ್ದರೆ ಹೊಸ ಕೀಲೇ ಬೇಕು, ಅದು ತರಿಸಲು ಎರಡು ದಿನ. "ಹಂಗಿದ್ರೆ ನಾನೇ ಓಡಿಸೋಕೆ ಬಿಡಲ್ಲಮ್ಮ, ಬಸುರಿ ಹೆಣ್ಮಗಳು ಕೂರೋ ಗಾಡಿ" ಎಂದು ಮೊದಲೇ ಹೇಳಿದ್ದ. ಅತ್ತೆ ಅವನ ಕೈಯನ್ನಲ್ಲ, ಮುಖವನ್ನು ನೋಡುತ್ತಿದ್ದರು. ಆತ ಕೊನೆಯ ಗುಂಡನ್ನು ಇಟ್ಟು, ಬಟ್ಟಲಿನ ಕಾಲುವೆಗಳಲ್ಲಿ ಉಗುರು ಎಳೆದು ನೋಡಿದ.

"ಹೊಳಪು ಹೋಗಿದೆ ಅಷ್ಟೆ. ಗುಳಿ ಇಲ್ಲ. ಓಡುತ್ತೆ."

ಅತ್ತೆ ಎದ್ದು ಒಳಗೆ ಹೋಗಿ ಎಲ್ಲರಿಗೂ ಕಾಫಿ ತಂದರು.

ಮತ್ತೆ ಜೋಡಿಸುವ ಕೆಲಸ ಬಿಚ್ಚಿದ್ದಕ್ಕಿಂತ ಚೆನ್ನಾಗಿತ್ತು. ನಕ್ಷತ್ರವನ್ನು ಬಳೆಯೊಳಗೆ ಅಡ್ಡಡ್ಡ ತೂರಿಸಿ ನೇರ ಮಾಡಬೇಕು. ಎರಡನ್ನೂ ಸೇರಿಸಿ ಬಟ್ಟಲಿಗೆ ಲಂಬವಾಗಿ ಇಳಿಸಿ ಹೊರಳಿಸಬೇಕು. ಆಮೇಲೆ ಬಳೆಯನ್ನು ವಾಲಿಸಿ ಕಿಟಕಿಗೊಂದರಂತೆ ಗುಂಡು ಕೂರಿಸಬೇಕು. ಅತ್ತೆ ಚಂದ್ರಂಕಿಯಿಂದ ಗುಂಡು ಎತ್ತಿಕೊಟ್ಟರು, ಆತ ಕೂರಿಸಿದ. ಕೊನೆಯದು ಮೊಂಡಾಟ ಮಾಡಿತು. ಬಟ್ಟಲನ್ನು ಅದುಮಿ ಹಿಡಿಯಲು ನನ್ನನ್ನು ಕರೆದರು. ನಾನು ಹಿಡಿದೆ, ಗುಂಡು ಒಳಗೆ ಇಳಿದದ್ದು ಅಂಗೈಗೆ ಗೊತ್ತಾಯಿತು.

ಹೊಸ ಬೂಟು, ಪಟ್ಟಿ ದಂಡಕ್ಕೆ ಮೊದಲೇ ಏರಿಸಿ ಆತ ಕೀಲನ್ನು ದಂಡಕ್ಕೆ ಒತ್ತಿದ. ಒಳಗಿನ ಲಾಕು ಟಕ್ಕೆಂದು ಕೂರಬೇಕು. ಕೂರಲಿಲ್ಲ. ಮರದ ಗೂಟ ಕೊಟ್ಟು ಬಡಿದ. ಕೂರಲಿಲ್ಲ. ಅಷ್ಟರಲ್ಲಿ ಬಾಗಿಲ ಬಳಿ ಹಾರನ್ ಕೇಳಿತು. ವ್ಯಾನು ಬಂದಿತ್ತು.

"ಯಾಕಪ್ಪ?" ಎಂದರು ಅತ್ತೆ.

"ಗೊತ್ತಾಗ್ತಿಲ್ಲಮ್ಮ. ಸರಿಯಾಗೇ ಹಾಕಿದೀನಿ."

ಅತ್ತೆ ಕೀಲನ್ನು ಕೈಗೆ ತೆಗೆದುಕೊಂಡು ಬಾಯಿಯ ಕಡೆಯಿಂದ ನೋಡಿದರು. "ನಕ್ಷತ್ರಕ್ಕೆ ಒಂದು ಕಡೆ ಅಂಚು ಸವರಿದಂಗೆ ಇತ್ತಲ್ಲ, ಅದು ಎಲ್ಲಿ? ತಟ್ಟೀಲಿ ಮೇಲಕ್ಕಿತ್ತು."

ಆತ ಹಣೆ ಬಡಿದುಕೊಂಡ. "ಅಯ್ಯೋ! ಮಾತಾಡ್ತಾ ಮಾತಾಡ್ತಾ ತಿರುವುಮುರುವು ಹಾಕ್ಬಿಟ್ಟೆ."

"ಗೊಂಬೆ ತಲೇನೂ ಹಿಂಗೇ ಹಿಂದುಮುಂದಾಗಿ ಕೂರಿಸ್ತೀರಾ ನಿಮ್ಮ ಮನೇಲಿ?"

"ಅಪ್ಪ ಇದಕ್ಕೇ ನನ್ನನ್ನ ಗ್ಯಾರೇಜಿಗೆ ಓಡಿಸಿದ್ದು ಅಮ್ಮ."

ಮತ್ತೆ ಆರೂ ಗುಂಡುಗಳು ಹೊರಬಂದವು. ಅತ್ತೆ ಅದೇ ಕ್ರಮದಲ್ಲಿ ತಟ್ಟಿಗೆ ಇಟ್ಟುಕೊಂಡರು. ವ್ಯಾನಿನವನು ಇನ್ನೊಮ್ಮೆ ಹಾರನ್ ಹೊಡೆದ. ಮಾವ ಜಗಲಿಯಿಂದ ಎದ್ದು, ಚಪ್ಪಲಿ ಮೆಟ್ಟಿ ಬಾಗಿಲ ಕಡೆ ನಡೆದರು. ಅತ್ತೆ ತಲೆ ಎತ್ತಲಿಲ್ಲ, ಆದರೆ ಕೈಯಲ್ಲಿದ್ದ ಗುಂಡು ಅಲ್ಲೇ ನಿಂತಿತು. ಹೊರಗೆ ಏನೋ ಮಾತು. ಆಮೇಲೆ ವ್ಯಾನು ಸ್ಟಾರ್ಟ್ ಆಗಿ ಹೊರಟುಹೋದ ಸದ್ದು. ಮಾವ ಒಬ್ಬರೇ ವಾಪಸು ಬಂದು, ಹಿತ್ತಲಿನ ಹಂಡೆಯಿಂದ ಒಂದು ಬಕೆಟ್ ಬಿಸಿನೀರು ತಂದು ಪಕ್ಕದಲ್ಲಿಟ್ಟರು.

"ಕೈ ತೊಳ್ಕೊಳ್ಳೋಕೆ" ಎಂದರು. "ಬೇಗ ಮುಗಿಸಿ. ಕರ್ಕೊಂಡು ಬರೋಕೆ ಇನ್ಯಾವ ಗಾಡೀನೂ ಇಲ್ಲ."

ಎರಡನೇ ಸಲ ಲಾಕು ಟಕ್ಕೆಂದು ಕೂತಿತು. ಇಷ್ಟು ಸಣ್ಣ ಸದ್ದಿಗೆ ನಾಲ್ಕು ಜನ ಒಟ್ಟಿಗೆ ಹೋ ಎಂದದ್ದನ್ನು ನಾನು ಬೇರೆಲ್ಲೂ ಕೇಳಿಲ್ಲ.

ಉಳಿದದ್ದು ಗ್ರೀಸು. ಬೂಟಿನ ಜೊತೆಯಲ್ಲೇ ಬರುವ ಪೊಟ್ಟಣದಲ್ಲಿ ಕಪ್ಪು ಗ್ರೀಸು, ಕಾಡಿಗೆಯಷ್ಟು ಕಪ್ಪು. ಮೇಲೆ ಸವರಿದರೆ ಸಾಲದು, ಗುಂಡುಗಳ ಸಂದಿಯಿಂದ ಅದುಮಿ ತಳದವರೆಗೆ ಇಳಿಸಬೇಕು, ಒಳಗಿನ ಗಾಳಿ ಗುಳುಗುಳು ಎಂದು ಹೊರಬರಬೇಕು ಎಂದು ಮೆಕ್ಯಾನಿಕ್ ತೋರಿಸಿಕೊಟ್ಟ. ಅತ್ತೆ ಕೈಬಳೆಗಳನ್ನು ಮೊಣಕೈಗೆ ಏರಿಸಿಕೊಂಡು ಬೆರಳಿನಲ್ಲಿ ತೆಗೆದು ಹೆಬ್ಬೆರಳಿನಿಂದ ಒತ್ತತೊಡಗಿದರು. ಬಿಸಿ ಮುದ್ದೆ ಕಟ್ಟಿದ ಕೈ ಅದು. ಎಲ್ಲಿ ಒತ್ತಬೇಕು, ಎಲ್ಲಿ ಬಿಡಬೇಕು ಎಂದು ಯಾರೂ ಹೇಳಬೇಕಾಗಲಿಲ್ಲ. ಮಾವ ಬಗ್ಗಿ ನೋಡಿ, ಮಿಕ್ಕ ಗ್ರೀಸನ್ನು ಬೆರಳಿಗೆ ತೆಗೆದುಕೊಂಡು ಉಜ್ಜಿ ಪರೀಕ್ಷಿಸಿದರು.

"ಚೆನ್ನಾಗೈತೆ. ನಮ್ದಕ್ಕಿಂತ ಒಸಿ ಮೇಲು."

"ಒಸಿ!" ಎಂದ ಮೆಕ್ಯಾನಿಕ್.

ಬೂಟು ಎಳೆದು ಕೂರಿಸಿ ಪಟ್ಟಿ ಬಿಗಿದು, ಆ್ಯಕ್ಸಲನ್ನು ಮತ್ತೆ ಕಾರಿಗೆ ಸೇರಿಸಿ ಚಕ್ರ ಹಾಕುವಷ್ಟರಲ್ಲಿ ಹೊತ್ತು ನೆತ್ತಿ ದಾಟಿತ್ತು. ಇನ್ನು ಪರೀಕ್ಷೆ. ಸ್ಟಿಯರಿಂಗ್ ಪೂರ್ತಿ ತಿರುಗಿಸಿ ಎರಡೂ ಕಡೆಗೆ ಸುತ್ತು ಹಾಕಬೇಕು. ಅಷ್ಟು ಖಾಲಿ ಜಾಗ ಇದ್ದದ್ದು ಕಣವೊಂದೇ. ಅತ್ತೆ ಬಲಕ್ಕೆ ಸುತ್ತಿದರು. ಮೆಕ್ಯಾನಿಕ್ ಎಡ ಚಕ್ರದ ಪಕ್ಕದಲ್ಲೇ ಬಗ್ಗಿಕೊಂಡು ಕಿವಿಗೊಟ್ಟು ಓಡಿದ. ಸದ್ದಿಲ್ಲ. "ಈಗ ಎಡಕ್ಕೆ" ಎಂದ. ಅತ್ತೆ ಬ್ರೇಕ್ ಒತ್ತಿ ಕೂತರು. ಅವರು ಮಾವನ ಕಡೆ ನೋಡಿದರು.

"ಸುಗ್ಗಿ ಮುಗೀತು, ಕಣದ ಪೂಜೆ ಮುಗೀತು. ಇವಾಗ ಅದು ಬರೀ ನೆಲ" ಎಂದರು ಮಾವ. "ಸುತ್ತು ಎಡಕ್ಕೆ. ಏನಾರ ಆದ್ರೆ ನಂಗಾಗ್ಲಿ."

ಅತ್ತೆ ಎಡಕ್ಕೆ ಸುತ್ತಿದರು. ಕಾರು ಗಂಧ ತೇಯ್ದಂತೆ ನಯವಾಗಿ ತಿರುಗಿತು. ಮೆಕ್ಯಾನಿಕ್ ಎರಡೂ ಕೈ ಮೇಲೆತ್ತಿದ. ಅತ್ತೆ ನಿಲ್ಲಿಸದೆ ಇನ್ನೂ ಒಂದು ಸುತ್ತು ಹಾಕಿದರು, ಅದು ಪರೀಕ್ಷೆಗೆ ಬೇಕಾಗಿರಲಿಲ್ಲ.

ರಾಹುಕಾಲಕ್ಕೆ ಮೊದಲೇ ಮನೆ ಬಿಟ್ಟೆವು. ಸೀರೆ ಬದಲಿಸಿಕೊಂಡ ಅತ್ತೆ ಮುಂದೆ, ಪಕ್ಕದಲ್ಲಿ ನಾನು, ಹಿಂದೆ ಮಾವ ಹಣ್ಣು ಹೂವಿನ ಬುಟ್ಟಿಯೊಂದಿಗೆ. ಸಾತನೂರು, ಕನಕಪುರ ದಾಟಿ ಕೋಡಿಹಳ್ಳಿ ಸೇರಿದಾಗ ಬೀಗಿತ್ತಿ ಬಾಗಿಲಲ್ಲೇ ನಿಂತಿದ್ದರು. ಕಾರಿನೊಳಗೆ ಇಣುಕಿ, "ಡ್ರೈವರ್ ಎಲ್ಲಿ ಹೋದ? ಊಟಕ್ಕೆ ಕರೀರಿ" ಎಂದರು. ಅತ್ತೆ ಕೀ ಗೊಂಚಲನ್ನು ಎತ್ತಿ ತೋರಿಸಿದರು. ಒಳಗಿನಿಂದ ಬಂದ ಮಗಳು ಕಣ್ಣಾರೆ ಕಂಡದ್ದನ್ನೂ ನಂಬದವಳಂತೆ ಬಾನೆಟ್ಟನ್ನು ಒಮ್ಮೆ ಸವರಿದಳು, ಆಮೇಲೆ ತಾಯಿಯ ಕೈ ಹಿಡಿದು ಉಗುರಿನ ಸಂದಿಯ ಕಪ್ಪನ್ನು ನೋಡಿ ನಕ್ಕಳು.

ವಾಪಸು ಬರುವಾಗ ಮಗಳನ್ನು ಮುಂದೆ ಕೂರಿಸಿ ನಾನು ಹಿಂದಕ್ಕೆ ಹೋದೆ. ಸೊಂಟ ನೋವಿನಿಂದ ಅವಳಿಗೆ ವಾರದಿಂದ ಸರಿಯಾಗಿ ನಿದ್ದೆ ಇರಲಿಲ್ಲವಂತೆ. ಕನಕಪುರದವರೆಗೆ ಎಡೆಬಿಡದೆ ಮಾತಾಡಿದಳು. ಸಾತನೂರು ಕಡೆಯ ತಿರುವುಗಳು ಶುರುವಾದಾಗ ಮಾತು ನಿಂತಿತು, ತಲೆ ಕಿಟಕಿಗೆ ವಾಲಿತು. ಮಾವ ಹೆಗಲಿನ ಟವೆಲ್ಲು ತೆಗೆದು ಮಡಿಸಿ, ಮುಂದಕ್ಕೆ ಬಗ್ಗಿ, ಗಾಜಿಗೂ ಅವಳ ತಲೆಗೂ ನಡುವೆ ಮೆಲ್ಲಗೆ ತೂರಿಸಿದರು.

ಬಲಕ್ಕೆ ಒಂದು ಬಿಗಿ ತಿರುವು ಬಂತು. ಅತ್ತೆ ಗೇರು ಇಳಿಸಿ ತಿರುಗಿಸಿದರು. ದಾಟಿದ ಮೇಲೆ ಕನ್ನಡಿಯಲ್ಲಿ ಮಾವನನ್ನು ನೋಡಿ ಪಿಸುದನಿಯಲ್ಲಿ ಕೇಳಿದರು:

"ಸಬ್ದ ಏನಾರ ಬತ್ತಾ ಐತಾ?"

ಮಾವ ಕಿವಿಗೊಟ್ಟು ಕೇಳಿದರು.

"ಬತ್ತಾ ಐತೆ" ಎಂದರು. "ನಿನ್ ಮಗಳ ಗೊರಕೆ."